ಗಾಂಧಾರದ ಮೇಲೆ ನಿಂತ ಭೈರವಿ

ಶಕ್ತಿನಗರದ ಕ್ವಾರ್ಟರ್ಸಿನಲ್ಲಿ, ಒಣಗಿದ ಬಟ್ಟೆಯನ್ನು ಬೂದಿ ಜಾಡಿಸಿಯೇ ಮಡಚುತ್ತಿದ್ದ ಕಾಲವದು. ಅಪ್ಪ ಅಲ್ಲಿನ ಕಲ್ಲಿದ್ದಲಿನ ವಿದ್ಯುತ್ ಸ್ಥಾವರದಲ್ಲಿ ಫಿಟ್ಟರ್ ಆಗಿದ್ದರು. ಬೇಸಿಗೆಯ ಮಧ್ಯಾಹ್ನಗಳಲ್ಲಿ ನಾವು ಮಕ್ಕಳು ಶಹಾಬಾದ್ ಕಲ್ಲಿನ ತಣ್ಣನೆಯ ನೆಲದ ಮೇಲೆ ಚೌಕಾಬಾರ ಆಡುತ್ತಿದ್ದೆವು. ಒಳಗಿನಿಂದ ಅವ್ವ ಹುರಿಯುವ ಶೇಂಗಾದ ವಾಸನೆ ಬರುತ್ತಿತ್ತು. ಆ ಬೇಸಿಗೆ ಮಾತ್ರ ಗದ್ದಲ ಮಾಡುವಂತಿರಲಿಲ್ಲ. ದೇವಸುಗೂರಿನಿಂದ ಅಜ್ಜನನ್ನು ಕರೆತಂದು ಪಡಸಾಲೆಯಲ್ಲಿ ಮಲಗಿಸಿದ್ದರು.

ಅಜ್ಜನಿಗೆ ಲಕ್ವಾ ಹೊಡೆದಿತ್ತು. ಕೈಕಾಲು ಬಹುಮಟ್ಟಿಗೆ ಸುಧಾರಿಸಿದ್ದವು, ಕಂಠ ಸುಧಾರಿಸಿರಲಿಲ್ಲ. ಊರಿನ ಸೋಮವಾರದ ಭಜನೆಯನ್ನು ಭೈರವಿ ಹಾಡಿ ಮುಗಿಸುತ್ತಿದ್ದವರು ಅವರೇ. ಭೈರವಿಯಾದ ಮೇಲೆ ಮತ್ತೊಂದು ಹಾಡಿಲ್ಲ. ಅದು ಅಲ್ಲಿನ ವಾಡಿಕೆ. ಆ ರಾಗಕ್ಕೆ ರಿ, ಗ, ಧ, ನಿ ನಾಲ್ಕೂ ಕೋಮಲವಾಗಬೇಕು, ಎಂದರೆ ತಮ್ಮ ಸ್ಥಾನದಿಂದ ತುಸು ಕೆಳಗಿಳಿಯಬೇಕು. ಅಜ್ಜನ ಕಂಠದಲ್ಲಿ ಅವು ಈಗ ನಿಲ್ಲುತ್ತಿರಲಿಲ್ಲ. ಉಳಿದದ್ದು ಬಾಲ್ಯದಲ್ಲಿ ಕಲಿತ ಶುದ್ಧ ಸ್ವರಗಳ ಸರಿಗಮ ಒಂದೇ.

"ಸೋಮವಾರ ಹೋಗಿ ಬರ್ರಿ ಯಪ್ಪಾ. ಸುಮ್ಮನ ಕುಂತು ತಾಳ ಹಾಕ್ರಿ," ಎಂದಳು ಅವ್ವ.

"ಮುಗಸಾಕ ಬರಲಾರದವ ಮುಂದ ಯಾಕ ಕುಂದ್ರಬೇಕು?" ಎಂದು ಅಜ್ಜ ಗೋಡೆಯ ಕಡೆ ಹೊರಳಿದರು. ತಾಟಿನಲ್ಲಿ ರೊಟ್ಟಿ, ಪುಂಡಿಪಲ್ಯ ಹಾಗೆಯೇ ಉಳಿದವು. ಹಾಡು ಬಿಟ್ಟ ಮನುಷ್ಯ ಊಟವನ್ನೂ ಬಿಟ್ಟಾನೆಂಬ ಅವ್ವನ ಭಯ ನಮಗೂ ಅಂಟಿತು.

ಪಕ್ಕದ ಮನೆಯ ಎಸ್ತರಕ್ಕ ಮಾನ್ವಿಯವರು. ಚರ್ಚಿನ ಪ್ರಾರ್ಥನೆಯಲ್ಲಿ ಗಿಟಾರ್ ನುಡಿಸುತ್ತಿದ್ದರು. ತಂತಿಗಳ ಶ್ರುತಿಯನ್ನು ನಮ್ಮ ಹಾರ್ಮೋನಿಯಮ್ಮಿಗೆ ಹೊಂದಿಸಿಕೊಳ್ಳಲು ನಮ್ಮಲ್ಲಿಗೇ ಬರುವರು. ಒಂದು ಸಂಜೆ ನಾನು ಬಿಳಿ ಪಟ್ಟಿಗಳ ಮೇಲೆ ಸರಿಗಮ ಒತ್ತುತ್ತಿದ್ದೆ. ಅಜ್ಜ ನನಗೆ ಪಾಠ ಹೇಳುವ ನೆಪದಲ್ಲಿ ಮೆಲ್ಲಗೆ ದನಿಗೂಡಿಸುತ್ತಿದ್ದರು. ಎಸ್ತರಕ್ಕ ಮೊದಲು ಷಡ್ಜದ ಕಾರ್ಡ್ ಹಿಡಿದಿದ್ದರು: ಸ, ಗ, ಪ ಮೂರೂ ಒಮ್ಮೆಲೇ. ಆಮೇಲೆ ಬೆರಳು ಬದಲಿಸಿ ಇನ್ನೊಂದನ್ನು ಹಿಡಿದು, ಅದನ್ನೇ ಮೀಟುತ್ತ ಉಳಿದರು. ಮೇಲಿನಿಂದ ಇಳಿದು ಬಂದ ಅಜ್ಜನ ದನಿ ಗಾಂಧಾರದ ಮೇಲೆ ನಿಂತುಬಿಟ್ಟಿತು.

"ಏನ್ ಹಿಡಿದೀ ಬೇ ಯವ್ವಾ ಅದು?"

"ಎಲ್ಲಕ್ಕಿಂತ ಸಸಾರದ್ದು ರೀ ಅಜ್ಜಾ, ಎರಡು ಬೆರಳು ಸಾಕು. ಗ, ಪ, ನಿ. ನಿಮ್ಮ ಏಳರಾಗಿನವೇ. ಹೊರಗಿಂದ ಒಂದೂ ತಂದಿಲ್ಲ."

"ಸುಳ್ಳು ಹೇಳಬ್ಯಾಡ. ಇದು ಭೈರವಿ."

"ನನಗ ರಾಗ ತಿಳಿಯಂಗಿಲ್ರಿ."

"ನನಗ ನಿನ್ನ ಕಾರ್ಡ್ ತಿಳಿಯಂಗಿಲ್ಲ. ಮತ್ತ ಹಿಡಿ."

ನನಗೆ ಅನುಮಾನ. ಗಾಂಧಾರದಿಂದ ಮೇಲಿನ ಗಾಂಧಾರದವರೆಗೆ ಒಂದೊಂದೇ ಪಟ್ಟಿ ಒತ್ತಿ ನೋಡಿದೆ. ಎಲ್ಲವೂ ಬಿಳಿಯವೇ, ಕರಿಯದನ್ನು ಒಂದನ್ನೂ ಮುಟ್ಟಬೇಕಾಗಲಿಲ್ಲ. ಮೈ ನವಿರೆದ್ದಿತು. ಷಡ್ಜವೆಂದರೆ ಕದಲದ ನೆಲವೆಂದೇ ನಾವು ಕಲಿತಿದ್ದೆವು. ಇಲ್ಲಿ ಸ್ವರ ಒಂದೂ ಬದಲಾಗಿರಲಿಲ್ಲ, ಅವುಗಳ ಕೆಳಗಿನ ನೆಲ ಬದಲಾಗಿತ್ತು. ಗಾಂಧಾರದಿಂದ ಅಳೆದಾಗ ನಮ್ಮ ಸಾದಾ ಮಧ್ಯಮವೇ ಕೋಮಲ ರಿಷಭವಾಗಿ ಕುಳಿತಿತ್ತು.

ಎಸ್ತರಕ್ಕ ಒಂದೊಂದೇ ಸ್ವರದ ಕಾರ್ಡ್ ಹಿಡಿಯುತ್ತ ಹೋದರು. ಅಜ್ಜ ಅದೇ ಏಳು ಸ್ವರಗಳನ್ನು ಹಾಡಿ ರಾಗದ ಹೆಸರು ಹೇಳುತ್ತ ಹೋದರು. ಮಧ್ಯಮದ ಮೇಲೆ ಯಮನ್ ಬಂತು, ಧೈವತದ ಮೇಲೆ ಅಸಾವರಿ. ನಿಷಾದದ ಕಾರ್ಡ್ ಕೇಳಿ ಮಾತ್ರ ಅಜ್ಜ ನಕ್ಕುಬಿಟ್ಟರು.

"ಇದರ ಮ್ಯಾಲ ಕುಂದ್ರಾಕ ಆಗವಲ್ದು, ಪಂಚಮನ ಸಿಗವಲ್ದು. ಕಾಲು ಮುರದ ಹೊರಸು ಇದು."

ಬಂದ ಸೋಮವಾರ ಸಂಜೆ ಎಲ್ಲರೂ ದೇವಸುಗೂರಿಗೆ ಹೋದೆವು. ಗಿಟಾರ್ ಕಂಡು ತಬಲಾದ ಗಣಪಣ್ಣ, "ಯಾಕ ಕಾಕಾ, ಲಗ್ನದ ಪಾರ್ಟಿ ಕರ್ಕೊಂಡು ಬಂದೀರೇನು?" ಎಂದ.

"ಕೊನೀಗೆ ಗೊತ್ತಾಗ್ತದ. ನೀ ತಬಲಾ ಬಿಗಿ ಮಾಡ್ಕೊ."

ಕೊನೆಯ ಹಾಡು ಬಂತು. ಅಜ್ಜ ಕೋಮಲದ ಯೋಚನೆಯನ್ನೇ ಬಿಟ್ಟು, ಪಾಠದ ಸರಿಗಮದ ದಾರಿಯಲ್ಲೇ ಪದವನ್ನು ನಡೆಸಿದರು. ನಡುವೆ ಒಮ್ಮೆ ದನಿ ಕಡಿಯಿತು. ಗಣಪಣ್ಣನ ಕೈ ತಬಲಾದ ಮೇಲೆ ಹಾಗೆಯೇ ನಿಂತಿತು. ಯಾರೂ ಎತ್ತಿಕೊಂಡು ಹಾಡಲಿಲ್ಲ, ಎಲ್ಲರೂ ಅಜ್ಜನಿಗಾಗಿ ಕಾದರು. ಎಸ್ತರಕ್ಕ ಮಾತ್ರ ಗಾಂಧಾರದ ಕಾರ್ಡನ್ನೇ ಮೆಲ್ಲಗೆ ಮೀಟುತ್ತ ನೆಲ ಹಿಡಿದಿದ್ದರು. ಅಷ್ಟು ಹೊತ್ತಿನ ಮೇಲೆ ಅಜ್ಜ ಪಂಚಮಕ್ಕೆ ಬಂದರು, ಮಧ್ಯಮಕ್ಕೆ ಇಳಿದರು, ಗಾಂಧಾರದಲ್ಲಿ ನಿಂತರು. ಮತ್ತೊಂದು ಹಾಡಿರಲಿಲ್ಲ.

ಮನೆಗೆ ಬರುವಾಗ ಅಜ್ಜ ಅವ್ವನನ್ನು ಕೇಳಿದರು: "ರೊಟ್ಟಿ ಬಿಸಿ ಅದಾವೇನು?"

ಯಾವ ಸ್ವರದ ಮೇಲೆ ಯಾವ ಕಾರ್ಡ್, ಅದರ ಮೇಲೆ ಯಾವ ರಾಗದ ಛಾಯೆ ಎಂಬುದೆಲ್ಲ ಇಂದು ಮೊಬೈಲಿನಲ್ಲಿ ಕ್ಷಣದಲ್ಲಿ ಸಿಗುತ್ತದೆ. ನಾನೂ ಅದನ್ನು ತಪ್ಪಿಲ್ಲದೆ ವಿವರಿಸಬಲ್ಲೆ. ವಿವರಿಸುವಾಗಲೂ ಮೊದಲಿನ ಬೆರಗು ಕಡಿಮೆಯಾಗಿಲ್ಲ. ಆ ಭಜನೆ ಈಗಲೂ ನಡೆಯುತ್ತದೆ. ಕೊನೆಗೆ ಧ್ವನಿವರ್ಧಕದಲ್ಲಿ ಯಾರದೋ ಧ್ವನಿಮುದ್ರಿತ ಭೈರವಿಯನ್ನು ಹಾಕುತ್ತಾರೆ. ಸ್ವರ ಒಂದೂ ತಪ್ಪುವುದಿಲ್ಲ. ಯಾರೂ ಯಾರಿಗಾಗಿಯೂ ಕಾಯಬೇಕಾಗುವುದಿಲ್ಲ.