ಕೊಕ್ಕೆಯಿಲ್ಲದ ಬೆಲ್ಟು

ಕೋಡಿಹಳ್ಳಿಯ ಬೋರಲಿಂಗಯ್ಯ ರಾಮನಗರದ ರೇಷ್ಮೆ ಬಿಚ್ಚಾಣಿಕೆ ಶೆಡ್ಡುಗಳಿಗೆ ರಾಟೆ ತಿರುಗಿಸುವ ಬೆಲ್ಟು ಹಾಕಿಕೊಡುತ್ತಿದ್ದ. ಆಗೆಲ್ಲ ಹೊಲಿಗೆ ಮಿಶನ್ನಿಗೆ ಹಾಕುವಂಥ ಚರ್ಮದ ದುಂಡು ಬೆಲ್ಟು. ಎರಡು ತುದಿಗೂ ತೂತು ಕೊರೆದು ಕಬ್ಬಿಣದ ಕೊಕ್ಕೆ ಸಿಕ್ಕಿಸುವುದು. ಓಡುವಾಗ ಕೊಕ್ಕೆ ಪುಲ್ಲಿಯ ಗಾಲಿಗೆ ಬಡಿದು ಟಿಕ್ ಟಿಕ್ ಎನ್ನುತ್ತಿತ್ತು.

೧೯೯೮ರ ಒಂದು ಶನಿವಾರ. ರೋಶನ್ ಬೀ ಎಂಬಾಕೆಯ ಬಿಸಿನೀರ ತೊಟ್ಟಿ, ರಾಟೆ ಸೇರಿದ ಹತ್ತು ಬೇಸಿನ್ನುಗಳ ಶೆಡ್ಡಿನಲ್ಲಿ, ಆರನೆಯದರ ಮುಂದೆ ಕೂತು ಬೆಂದ ಗೂಡಿನಿಂದ ಎಳೆ ತೆಗೆಯುತ್ತಿದ್ದ ಚಿನ್ನಮ್ಮ ಅವನನ್ನು ಕರೆದಳು. "ಅಣ್ಣಾ, ಈ ಕೊಕ್ಕೆ ಎದ್ದೈತೆ. ಸೆರಗು ಸಿಕ್ಕಾಕ್ಕತೈತೆ, ಒಸಿ ನೋಡು."

"ಸೋಮಾರ ಬತ್ತೀನಿ ಕಣವ್ವ" ಎಂದು ಅವನು ಬಸ್ಸು ಹತ್ತಿದ.

ಭಾನುವಾರ ಬೆಳಿಗ್ಗೆ ಕೊಕ್ಕೆ ಸೆರಗನ್ನು ಹಿಡಿಯಿತು, ಸೆರಗು ತಿರುಗುವ ಶಾಫ್ಟಿಗೆ ಸುತ್ತಿಕೊಂಡಿತು. ಯಾರೋ ಓಡಿ ಮೋಟಾರು ಆರಿಸುವಷ್ಟರಲ್ಲಿ ಚಿನ್ನಮ್ಮನ ಉಸಿರು ನಿಂತಿತ್ತು. ಸೆರಗು ಬಿಗಿದುಕೊಳ್ಳಲಿಲ್ಲ, ಅವಳದೇ ತಪ್ಪು ಎಂದು ಜನ ಮಾತಾಡಿಕೊಂಡರು. ಶನಿವಾರದ ಮಾತು ಬೋರಲಿಂಗಯ್ಯನೊಬ್ಬನಿಗೇ ಗೊತ್ತಿತ್ತು. ಅವನು ಬಾಯಿ ಬಿಡಲಿಲ್ಲ.

ಎರಡು ವರ್ಷದ ಮೇಲೆ ಬೆಂಗಳೂರಿನಿಂದ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ಬೆಲ್ಟಿನ ಸುರುಳಿ ತಂದ. ಕಿತ್ತಳೆ ಬಣ್ಣ, ಹಾವಿನ ಮೈಯಂಥ ನಯ, ಕೊಕ್ಕೆಯೇ ಬೇಡ. ಮೊದಲ ಸಲ ತಂದದ್ದು ಹಬೆಗೆ ಮೆತ್ತಗಾಗಿ ಹರಿಯಿತು; ಹಬೆ ತಡೆಯುವ ಬೇರೆ ಬಗೆಯನ್ನು ಹುಡುಕಿದ. ಪುಲ್ಲಿಗಳ ಸುತ್ತ ದಾರ ಹಿಡಿದು ಅಳೆದು, ಬಿಗಿ ಬರಲೆಂದು ನೂರಕ್ಕೆ ಐದರಷ್ಟು ಗಿಡ್ಡವಾಗಿ ಕತ್ತರಿಸಿದ. ತುದಿಗಳನ್ನು ಕಾದ ತಗಡಿಗೆ ತಾಗಿಸಿ, ಕರಗಿದ ಕೂಡಲೇ ಒಂದಕ್ಕೊಂದು ಒತ್ತಿ, ತಣಿಯುವವರೆಗೆ ಅಲುಗದಂತೆ ಹಿಡಿದ. ಉಬ್ಬಿದ ಅಂಚನ್ನು ಬ್ಲೇಡಿನಿಂದ ಹೆರೆದ. ಕಣ್ಣು ಮುಚ್ಚಿ ಬೆರಳಾಡಿಸಿದರೆ ಬೆಸುಗೆ ಎಲ್ಲೆಂದು ತಿಳಿಯುತ್ತಿರಲಿಲ್ಲ.

ರೋಶನ್ ಬೀಯ ಶೆಡ್ಡಿನ ಹತ್ತಕ್ಕೂ ಅದನ್ನೇ ಹಾಕಿ, ಮೋಟಾರು ಚಾಲೂ ಮಾಡಿದರು. ಒಂಬತ್ತು ಬೇಸಿನ್ನು ಸದ್ದಿಲ್ಲದೆ ಓಡಿದವು. ಆರನೆಯದು ಟಿಕ್ ಟಿಕ್ ಎಂದಿತು.

"ಹೊಸಾ ಬೆಲ್ಟ್ ಅಲ್ವಾ? ಕೊಕ್ಕೆ ಎಲ್ಲಿಂದ ಬಂತು?" ಎಂದಳು ರೋಶನ್ ಬೀ.

ಅವನು ಬೇರೆ ಬೆಲ್ಟು ಹಾಕಿದ. ಪುಲ್ಲಿ ಬದಲಿಸಿದ, ಬೇರಿಂಗು ಬದಲಿಸಿದ. ಸದ್ದು ಹೋಗಲಿಲ್ಲ. ಈಗ ಅಲ್ಲಿ ಕೂರುತ್ತಿದ್ದ ಮುನ್ನೀ ಮೆಲ್ಲಗೆ ಹೇಳಿದಳು: "ನಂಗೆ ಭಯ ಇಲ್ಲ. ಬೆಳಿಗ್ಗೆ ಬಂದ್ರೆ ಸ್ಟೂಲ್ ಬೆಚ್ಚಗಿರ್ತದೆ, ಯಾರೋ ಈಗ್ ಎದ್ದು ಹೋದಂಗೆ. ಅಷ್ಟೇ."

ಬೋರಲಿಂಗಯ್ಯ ಸಾಮಾನು ಅಲ್ಲೇ ಬಿಟ್ಟು ದೊಡ್ಡಆಲಹಳ್ಳಿಗೆ ಹೋದ. ಚಿನ್ನಮ್ಮನ ಗಂಡ ದಾಸಪ್ಪ ಜಗುಲಿಯಲ್ಲಿ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದ. ಇವನು ನಿಂತುಕೊಂಡೇ ಹೇಳಿದ: "ಕೊಕ್ಕೆ ಎದ್ದೈತೆ ಅಂತ ಆಯಮ್ಮ ಹೇಳಿತ್ತು. ನಾನೇ ಸೋಮಾರ ನೋಡನ ಅಂದ್ಬುಟ್ಟೆ."

ದಾಸಪ್ಪ ಕುಡುಗೋಲು ಕೆಳಗಿಟ್ಟು, ಮನೆಯೊಳಗಿನ ಕತ್ತಲೆಗೆ ಕಿವಿಗೊಟ್ಟು ಕೂತ. "ಅವ್ಳದೇ ತಪ್ಪು ಅಂತ ನಾನೂ ಬೈಕಂಡಿದ್ದೆ" ಎಂದ. "ಒಳ್ಗೆ ಟಿಕ್ ಟಿಕ್ ಅಂತಿತ್ತು, ಎರಡು ವರ್ಸದಿಂದ. ಹಲ್ಲಿ ಅನ್ಕಂಡಿದ್ದೆ. ನೀನು ಹೇಳ್ತಿದ್ದಂಗೆ ನಿಂತೋಯ್ತು ಕಣಪ್ಪ."

ಅವನು ಬೈಯಲಿಲ್ಲ, ಕೂತುಕೋ ಎಂದೂ ಹೇಳಲಿಲ್ಲ.

ಮರುದಿನ ಆರನೇ ಬೇಸಿನ್ನು ಉಳಿದವುಗಳ ಹಾಗೆಯೇ ಓಡಿತು. ಬೋರಲಿಂಗಯ್ಯ ಹತ್ತರ ಬೆಲ್ಟು, ಪುಲ್ಲಿಗಳಿಗೂ ತಗಡಿನ ಮುಚ್ಚಳ ಕೂರಿಸಿದ. ಆಮೇಲೆ ಯಾವ ಶೆಡ್ಡಿಗೆ ಹೋದರೂ, ಏನೋ ಬಟ್ಟೆಗೆ ತಗಲುತ್ತದೆ ಎಂದು ಹೆಂಗಸರು ಅಂದರೆ ಸಾಕು, ಮಾಲೀಕರನ್ನು ಕೇಳದೆ ಮೋಟಾರು ಆರಿಸಿಬಿಡುತ್ತಿದ್ದ. ಬೇಸತ್ತ ಮೂರು ನಾಲ್ಕು ಶೆಡ್ಡಿನವರು ಅವನನ್ನು ಕರೆಯುವುದನ್ನೇ ನಿಲ್ಲಿಸಿದರು.