ನನ್ನ ಪಾಲಿನ ಮುಡಿ

ನಮ್ಮಕ್ಕ ಚಾಪೆಯ ಮೇಲೆ ಕೂತರೆ ಅವಳ ಜಡೆಯ ತುದಿ ನೆಲದಲ್ಲಿ ಸುರುಳಿ ಸುತ್ತಿಕೊಳ್ಳುತ್ತಿತ್ತು. ಕಪಿಲೆಯ ದಂಡೆಯಲ್ಲಿ ಆ ಜಡೆ ಕತ್ತಿಗೆ ಹೋದಾಗ ನಾನು ನಂಜನಗೂಡಿನ ಬಳೆ ಅಂಗಡಿಯೊಂದರಲ್ಲಿ ಅವಿತು ಕೂತಿದ್ದೆ. ಕತ್ತಿಗೆ ತಲೆ ಕೊಡಬೇಕಾಗಿದ್ದವಳು ನಾನು. ಕೊಡಲಿಲ್ಲ. ನಾನು ಓದಿದ್ದು ಏಳನೇ ಕ್ಲಾಸು, ಬರೆದು ಅಭ್ಯಾಸವಿಲ್ಲ. ಆದರೂ ಅಕ್ಕನ ಬಗ್ಗೆ ಇಷ್ಟು ಬರೆಯಬೇಕು.

ಅವ್ವ ಬಾಳೆ ತೋಟದ ಕೂಲಿಗೆ ಹೋಗುತ್ತಿದ್ದುದರಿಂದ ನನ್ನ ತಲೆ ಅಕ್ಕನ ಪಾಲಿಗೆ ಬಂದಿತ್ತು. ಬೇಸಿಗೆ ಶುರುವಾದರೆ ಅವಳ ಕಾಯಿದೆಗಳೂ ಶುರು. ಜಡೆಯನ್ನು ಎತ್ತಿ ಗಂಟು ಹಾಕಿ, ಬದನವಾಳಿನ ಹಳೇ ಖಾದಿ ತುಂಡನ್ನು ನೀರಲ್ಲದ್ದಿ ಹಿಂಡಿ ತಲೆಗೆ ಸುತ್ತದೆ ಹೊರಗೆ ಬಿಡುತ್ತಿರಲಿಲ್ಲ. ಬೈತಲೆಯನ್ನು ಇವತ್ತು ಎಡಕ್ಕೆ ತೆಗೆದರೆ ನಾಳೆ ಬಲಕ್ಕೆ. "ದಿನಾ ಒಂದೇ ಗೆರೆ ಮೇಲೆ ಬಿಸ್ಲು ಬಿದ್ರೆ ಅಲ್ಲಿ ಪೈರು ಒಣ್ಗೋಯ್ತದೆ" ಎನ್ನುತ್ತಿದ್ದಳು. ಹರಳೆಣ್ಣೆ ಏನಿದ್ದರೂ ಸಂಜೆಗೆ. ಬೆಳಿಗ್ಗೆಯೇ ಹಚ್ಚಿಕೊಂಡರೆ, "ಎಣ್ಣೆ ಬಳ್ಕಂಡು ಬಿಸ್ಲಿಗೋದ್ರೆ ತಲೆ ಬಾಣ್ಲಿ ಆಯ್ತದೆ ಕಣೆ, ಒಳಗಿರೋ ಚೂರು ಬುದ್ದೀನೂ ಬೋಂಡ ಆಯ್ತದೆ!" ಎಂದು ಬೈಗುಳ. ಬಿಸಿಲಿಂದ ಬಂದ ತಲೆಗೆ ತಕ್ಷಣ ನೀರು ಹುಯ್ಯುವಂತಿಲ್ಲ. ನೆರಳಲ್ಲಿ ಕೂರಿಸಿ, ಬೆವರು ಆರಿದ ಮೇಲೆ ಮತ್ತಿ ಸೊಪ್ಪಿನ ಲೋಳೆ ಹಚ್ಚಿ ಉಜ್ಜುತ್ತಿದ್ದಳು. ಆ ತಂಪು ಈಗಲೂ ನೆನಪಿದೆ.

ಚಿಕ್ಕಂದಿನಲ್ಲಿ ನನಗೆ ಜ್ವರ ಬಂದು ಉಳಿಯುವುದೇ ಅನುಮಾನವಾದಾಗ ಅವ್ವ ನಂಜನಗೂಡಿನ ದೇವರಿಗೆ ನನ್ನ ಮುಡಿಯ ಹರಕೆ ಹೊತ್ತಿದ್ದಳು. ಇವತ್ತು, ನಾಳೆ ಎನ್ನುತ್ತ ವರ್ಷಗಳು ಹೋದವು. ನನ್ನನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ ಎನ್ನುವಾಗ ಅವ್ವನಿಗೆ ಭಯ ಹತ್ತಿತು. "ಅರಕೆ ತೀರಿಸ್ದೆ ತಾಳಿ ಕಟ್ಟಿಸ್ಕಬಾರ್ದು" ಎಂದು ಹಟ ಹಿಡಿದಳು. ಆ ಹೊತ್ತಿಗೆ ಅಕ್ಕ ಮದುವೆಯಾಗಿ ಟಿ. ನರಸೀಪುರದಲ್ಲಿದ್ದಳು. ನನಗೆ ಧೈರ್ಯ ಹೇಳಲೆಂದು ಅವಳೂ ಬಂದಳು.

ಹೊಳೆದಂಡೆಯಲ್ಲಿ ಕಾದು ಕೂತಿದ್ದಾಗ ನಾನು, "ಬಳೆ ನೋಡ್ಕಂಡು ಬತ್ತೀನಿ" ಎಂದು ಎದ್ದುಹೋದೆ. ಬೋಳು ತಲೆಯ ನನ್ನನ್ನು ಯಾರು ಒಪ್ಪುತ್ತಾರೆ ಎಂಬ ಹೆದರಿಕೆ. ವಾಪಸು ಬಂದಾಗ ಅಕ್ಕ ನೀರಲ್ಲಿ ಮುಳುಗಿ ಎದ್ದಿದ್ದಳು. ನುಣ್ಣಗಾದ ತಲೆಗೆ ಅವ್ವ ಅಳುತ್ತ ಗಂಧ ಬಳಿಯುತ್ತಿದ್ದಳು.

"ಅರಕೆ ಇವ್ಳದು ಕಣೇ, ನಿಂದಲ್ಲ!"

"ಸುಮ್ಕಿರವ್ವ. ಒಂದೇ ಬಳ್ಳಿ ಹೂವ, ಯಾವ ಗೆಣ್ಣಿಂದ ಕಿತ್ರೆ ಏನು? ನಂದು ಮದ್ವೆ ಆಗೋಗದೆ. ನಮ್ಮನೆಯವ್ರು ಇನ್ನು ವಾಪಸ್ ಕಳಿಸ್ತಾರಾ?"

ಆಮೇಲೆ ನನ್ನ ಕೈ ನೋಡಿ, "ಬಳೆ ಎಷ್ಟ್ ಚೆಂದಾಗವೆ ಕಣೆ" ಎಂದಳು. ಅಷ್ಟೇ. ಎಲ್ಲಿದ್ದೆ ಎಂದು ಅವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

ಅಕ್ಕ ಊರಿಗೆ ಹೋದವಳೇ ಕಬ್ಬಿನ ಗದ್ದೆಯ ಕಳೆಗೆ ಇಳಿದಳು. ಬಟ್ಟೆಯನ್ನೇನೋ ಸುತ್ತಿಕೊಂಡಿದ್ದಳಂತೆ. ಆದರೆ ಬೋಳು ತಲೆಯ ಮೇಲೆ ಒದ್ದೆ ಬಟ್ಟೆ ನಿಲ್ಲಲಿಲ್ಲ, ಬಗ್ಗಿದಾಗಲೆಲ್ಲ ಜಾರಿತು. ನೆತ್ತಿ ಸುಟ್ಟು ಸಿಪ್ಪೆ ಎದ್ದಿತು. ನೋಡಲು ಹೋದ ನನ್ನ ಮುಂದೆ ಅದಕ್ಕೂ ನಕ್ಕಳು: "ಕೂದ್ಲು ಕಾಯಕ್ಕೆ ಬಟ್ಟೆ ಬೇಕು ಅಂದ್ಕಂಡಿದ್ದೆ. ಬಟ್ಟೆ ನಿಲ್ಲಕ್ಕೂ ಕೂದ್ಲು ಬೇಕು ಕಣೆ!"

ನಾನೂ ನಕ್ಕೆ. ನನ್ನ ಮದುವೆಯಲ್ಲಿ ಮೊಗ್ಗಿನ ಜಡೆ ಹೆಣೆದವಳೂ ಅವಳೇ. ಆಗ ಅವಳ ತಲೆಯಲ್ಲಿ ಬೆರಳಿಗೆ ಸಿಗುವಷ್ಟೂ ಕೂದಲಿರಲಿಲ್ಲ. ನೆಂಟರ ಹೆಂಗಸೊಬ್ಬಳು, "ನಿಂಗ್ಯಾಕವ್ವ ಬಂತು ಈ ಗತಿ?" ಎಂದು ಚುಚ್ಚಿದಳು. "ದೇವ್ರು ಕೇಳ್ದ, ಕೊಟ್ಟೆ" ಎಂದು ಮೊಗ್ಗು ಪೋಣಿಸುತ್ತಲೇ ಹೇಳಿದಳು. ನಾನು ಬೆನ್ನು ತೋರಿಸಿಕೊಂಡು ಸುಮ್ಮನೆ ಕೂತಿದ್ದೆ. ಅಕ್ಕನ ಕೂದಲು ಮತ್ತೆ ಬೆಳೆಯಿತು. ಆದರೆ ಹೆಗಲು ದಾಟಲಿಲ್ಲ.

ಈ ಬೇಸಿಗೆ ಮಗಳನ್ನು ಕರೆದುಕೊಂಡು ಅಕ್ಕನ ಮನೆಗೆ ಹೋಗಿದ್ದೆ. ಮಗಳು ಸ್ಕೂಟರಿನಲ್ಲಿ ಕಾಲೇಜಿಗೆ ಓಡಾಡಿ ಕೂದಲೆಲ್ಲ ತೆಂಗಿನ ನಾರಿನ ಬಣ್ಣಕ್ಕೆ ತಿರುಗಿತ್ತು. ಅಕ್ಕ ಅವಳನ್ನು ಜಗುಲಿಯಲ್ಲಿ ಕೂರಿಸಿಕೊಂಡು ಸಿಕ್ಕು ಬಿಡಿಸುತ್ತಿದ್ದಳು.

"ಎಲ್ಮೆಟ್ ಒಳಗೆ ಒಂದು ಹತ್ತಿ ಬಟ್ಟೆ ಕಟ್ಕಳವ್ವ, ನಿನ್ ಗಂಟೇನು ಓಗಲ್ಲ."

"ಅಯ್ಯೋ ದೊಡ್ಡವ್ವ, ನಮ್ಮಮ್ಮನ ಕೂದ್ಲು ನೋಡು, ಈ ವಯಸ್ಸಲ್ಲೂ ಹಗ್ಗದಂಗಿದೆ. ನಂಗ್ಯಾಕೆ ಬರ್ಲಿಲ್ಲ?"

ಅಕ್ಕ ನನ್ನ ಕಡೆ ತಿರುಗಿ, ತಾನು ಬೆಳೆಸಿದ ಹಸುವಿಗೆ ಬಹುಮಾನ ಬಂದವಳ ಹಾಗೆ ಮುಖ ಅರಳಿಸಿದಳು. "ಅದು ನಾನು ಸಾಕಿದ್ದು ಕಣವ್ವ! ಒಂದಿನ ಬಿಸ್ಲು ತಗುಲಕ್ಕೆ ಬಿಟ್ಟಿಲ್ಲ."

ಅವಳ ದನಿಯಲ್ಲಿ ಹೆಮ್ಮೆ ಬಿಟ್ಟರೆ ಬೇರೇನೂ ಇರಲಿಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ. ಮಗಳು ಕೇಳಿಸಿಕೊಳ್ಳಲಿ ಎಂದೇ ಗಟ್ಟಿಯಾಗಿ ಹೇಳಿದೆ:

"ಅಕ್ಕ, ಅವತ್ತು ನಾನು ಬೇಕಂತ್ಲೇ ಅವಿತ್ಕಂಡಿದ್ದೆ. ನನ್ನ ಮುಡೀನ ನೀನು ಕೊಟ್ಟೆ, ಒಂದು ಮಾತೂ ಆಡ್ಲಿಲ್ಲ ನಾನು. ತಪ್ಪಾಯ್ತು ಕಣಕ್ಕ."