ನೀರು ಚಿಮ್ಮುವ ಯಂತ್ರದ ಪರೀಕ್ಷೆ

ಶಿಕಾರಿಪುರದ ಹಲ್ಲಿನ ಡಾಕ್ಟರು ಬೊಂಬಾಯಿಯಿಂದ ತರಿಸಿದ್ದ ಎರಡು ಯಂತ್ರಗಳನ್ನು ಮೇಜಿನ ಮೇಲಿಟ್ಟರು. ಹಲ್ಲಿನ ಸಂದಿಗೆ ನೀರು ಚಿಮ್ಮಿಸಿ, ಸಿಕ್ಕಿಕೊಂಡದ್ದನ್ನು ತೆಗೆಯುವಂಥವು.

"ನೀವು ಊರೂರು ತಿರುಗೋರು. ಕರೆಂಟಿಂದು ಬ್ಯಾಡ, ಈ ಸೆಲ್ಲಿಂದು ತಗೊಳ್ರೀ. ಚೀಲದಾಗ ಹಿಡಿಯುತ್ತೆ."

ಅಡಿಕೆ ವ್ಯಾಪಾರದವನು ನಾನು. ಕಚ್ಚಿ ನೋಡದೆ ಏನನ್ನೂ ಕೊಳ್ಳುವುದಿಲ್ಲ. ಇಲ್ಲೇ ಪರೀಕ್ಷೆಯಾಗಲಿ ಎಂದೆ.

"ಮೆಲ್ಲಗೆ ಬಿಡ್ರೀ, ಯಜಮಾನ್ರೇ!"

ಜೋರಾಗಿಯೇ ಬಿಟ್ಟೆ. ಸ್ಟೀಲಿನ ಬೇಸಿನ್ನಿಗೆ ಟಣ್ ಎಂದು ಏನೋ ಬಿತ್ತು. ನನ್ನ ಮುಂದಿನ ಹಲ್ಲು! ಮರುದಿನ ಸೊರಬದಲ್ಲಿ ತಮ್ಮನ ಮಗಳ ಮದುವೆ ಮಾತುಕತೆ. ನಮ್ಮ ಕಡೆಯಿಂದ ಮಾತಾಡಬೇಕಾದ ಹಿರಿಯ ನಾನೇ.

"ಯಂತ್ರದ ತಪ್ಪಲ್ಲ ರೀ," ಎಂದರು ಡಾಕ್ಟರು. "ಬೇರು ಯಾವಾಗ್ಲೋ ಸಡಿಲಾಗೈತಿ. ಎಲೆಅಡಿಕೆ, ಸುಣ್ಣ ಸೇರಿ ಗಾರೆ ಹಾಕ್ದಂಗೆ ಹಿಡ್ಕಂಡಿತ್ತು. ಹೊಸ ಹಲ್ಲಿಗೆ ವಾರ ಬೇಕು."

ಯಂತ್ರ ಕೆಲಸ ಮಾಡುತ್ತದೆಂಬುದಂತೂ ಖಾತ್ರಿಯಾಗಿತ್ತು. ಅದನ್ನೇ ಕೊಂಡೆ.

ಸೊರಬದಲ್ಲಿ ಗಂಡಿನ ಕಡೆಯವರು ಏನು ಕೇಳಿದರೂ ತುಟಿ ಬಿಚ್ಚದೆ, ಹುಬ್ಬು ಗಂಟಿಕ್ಕಿಕೊಂಡು ಕೂತೆ. ಅವರು ನನ್ನ ಮುಖ ನೋಡಿ ನೋಡಿ ಒಂದೊಂದೇ ಬೇಡಿಕೆಯನ್ನು ಬಿಟ್ಟುಕೊಟ್ಟರು. ಊಟದ ಹೊತ್ತಿಗೆ ಮದುವೆ ಕುದುರಿತು.